‘ಮೊದಲು 30% ತೆರಿಗೆ ಕಟ್ಟಿ, ಆಮೇಲೆ ನಿಮ್ಮ ದುಡ್ಡು’ ಅಂತಾರೆ, ಕಟ್ಟಲಾ?

ಪ್ರಶ್ನೆ: ಸರ್, ನಾನು ತಿಪಟೂರು ತಾಲ್ಲೂಕಿನವನು. ತೆಂಗಿನ ತೋಟ ಇದೆ, ಜೊತೆಗೆ ಒಂದು ಹಾರ್ಡ್‌ವೇರ್ ಅಂಗಡಿ. ಎರಡೂವರೆ ತಿಂಗಳ ಹಿಂದೆ ಮೊಬೈಲ್‌ನಲ್ಲಿ ಒಂದು ಜಾಹೀರಾತು ಬಂತು. ಎಲ್ಲರಿಗೂ ಗೊತ್ತಿರುವ ದೊಡ್ಡ ಉದ್ಯಮಿಯೊಬ್ಬರು ಕ್ರಿಪ್ಟೊ ಟ್ರೇಡಿಂಗ್ ಬಗ್ಗೆ ಮಾತಾಡುವ ವಿಡಿಯೊ. ಲಿಂಕ್ ಒತ್ತಿದ ಮೇಲೆ 130 ಜನರ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದರು. ಅವರು ಕಳಿಸಿದ ಲಿಂಕ್‌ನಿಂದ ಆ್ಯಪ್ ಹಾಕಿಕೊಂಡೆ. ಮೊದಲು 10,000 ಹಾಕಿದೆ. ಹತ್ತು ದಿನಕ್ಕೆ 2,500 ಲಾಭ ಅಂತ ನನ್ನ ಬ್ಯಾಂಕಿಗೇ ಬಂತು. ಆಮೇಲೆ 50,000, ಎರಡು ಸಲ 60,000 ಕಳಿಸಿದೆ. ಒಂದೊಂದು ಸಲವೂ ಬೇರೆ ಬೇರೆ ಖಾತೆ. ನಂತರ ‘ಯುಎಸ್‌ಡಿಟಿ (ಡಾಲರ್ ಬೆಲೆಯ ಕ್ರಿಪ್ಟೊ) ಕೊಂಡು ಕಳಿಸಿ’ ಅಂದರು. ಹಾಗೆ 1,60,000 ಹೋಯಿತು. ಈಗ ಆ್ಯಪ್‌ನಲ್ಲಿ 11,20,000 ತೋರಿಸುತ್ತಿದೆ. ತೆಗೆಯಲು ಹೋದರೆ ‘ಲಾಭದ ಮೇಲೆ 30% ಸರ್ಕಾರಿ ತೆರಿಗೆ 2,34,000 ಮೊದಲು ಕಟ್ಟಿ, 48 ಗಂಟೆ ಸಮಯ’ ಅಂತಾರೆ. ಕ್ರಿಪ್ಟೊ ಇಡುವ ನನ್ನ ವಾಲೆಟ್‌ನಲ್ಲಿ ಇನ್ನೂ 38,000 ರೂಪಾಯಿಯಷ್ಟು ಯುಎಸ್‌ಡಿಟಿ ಇದೆ. ಅದಕ್ಕೆ ‘ಸಿಂಕ್ ಮಾಡಬೇಕು, 12 ಪದ ಹೇಳಿ’ ಅಂತ ಕಸ್ಟಮರ್ ಕೇರ್‌ನವರು ಕೇಳುತ್ತಿದ್ದಾರೆ. ನಿನ್ನೆ ಟೆಲಿಗ್ರಾಂನಲ್ಲಿ ಯೂನಿಫಾರ್ಮ್ ಫೋಟೊ ಇರುವ ಒಬ್ಬರು ‘ನಾನು ಸೈಬರ್ ಅಧಿಕಾರಿ, ನಿಮ್ಮ 70% ಹಣ ಸಿಕ್ಕಿದೆ, 18,500 ಶುಲ್ಕ ಕಟ್ಟಿದರೆ ಬಿಡುಗಡೆ’ ಅಂದರು. ತಮ್ಮ ಹೇಳುತ್ತಾನೆ, ಕ್ರಿಪ್ಟೊ ಕಾನೂನುಬಾಹಿರ, ಪೊಲೀಸ್ ಹತ್ತಿರ ಹೋದರೆ ನಿನ್ನನ್ನೇ ಒಳಗೆ ಹಾಕ್ತಾರೆ ಅಂತ. ಇದರಲ್ಲಿ ಯಾರನ್ನು ನಂಬಲಿ? ಇನ್ನೊಂದು ಮಾತು, ನನ್ನ ಮಾತು ಕೇಳಿ ನಮ್ಮ ಭಾವನೂ 60,000 ಹಾಕಿದ್ದಾರೆ. ಅವರಿಗೆ ಇನ್ನೂ ಏನೂ ಹೇಳಿಲ್ಲ.

ಉತ್ತರ: ಮೊದಲು ತುರ್ತಿನದು. ಆ 2,34,000 ಕಟ್ಟಬೇಡಿ. ಯೂನಿಫಾರ್ಮ್ ಫೋಟೊದವನಿಗೆ 18,500 ಕೊಡಬೇಡಿ. 12 ಪದಗಳನ್ನು ಯಾರಿಗೂ ಹೇಳಬೇಡಿ, ಎಲ್ಲೂ ಟೈಪ್ ಮಾಡಬೇಡಿ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಕೂತು ಇದನ್ನು ಓದಿ. 48 ಗಂಟೆ ಅನ್ನುವುದು ಅವರ ಗಡಿಯಾರ, ನಿಮ್ಮದಲ್ಲ.

ನಾನು ಹದಿನಾಲ್ಕು ವರ್ಷ ಬ್ಯಾಂಕೊಂದರಲ್ಲಿ ವಂಚನೆ ಪ್ರಕರಣಗಳನ್ನು ನೋಡುವ ವಿಭಾಗದಲ್ಲಿದ್ದೆ. ಈಗ ಹಣ ಕಳೆದುಕೊಂಡವರಿಗೆ ದೂರಿನ ಕಾಗದಪತ್ರ ಹೊಂದಿಸಿಕೊಡುತ್ತೇನೆ. ನಿಮ್ಮ ಪತ್ರದಂಥ ಪತ್ರಗಳು ಬರುತ್ತಲೇ ಇರುತ್ತವೆ. ಹೆಚ್ಚಿನವು ಬರುವುದು ತೆರಿಗೆ ಕಟ್ಟಿದ ಮೇಲೆ. ನೀವು ಕಟ್ಟುವ ಮೊದಲೇ ಕೇಳಿದ್ದೀರಿ, ಅದರಿಂದ ಎರಡೂಕಾಲು ಲಕ್ಷ ಆಗಲೇ ಉಳಿಯಿತು.

ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ಎಲ್ಲದರ ಕೆಳಗೆ ಇರುವುದು ಒಂದೇ ಪ್ರಶ್ನೆ: ಆ 11,20,000 ನಿಜವಾಗಿ ಎಲ್ಲಾದರೂ ಇದೆಯಾ? ಇಲ್ಲ. ಈ ಮಾತು ಹೇಳುವುದು ನನಗೂ ಕಷ್ಟ. ಜನ ಕಳೆದುಕೊಂಡ 3,40,000ಕ್ಕಿಂತ, ಇಲ್ಲದ 11 ಲಕ್ಷಕ್ಕೇ ಜಾಸ್ತಿ ಅಳುತ್ತಾರೆ. ಮನಸ್ಸಿನಲ್ಲಿ ಆಗಲೇ ಅದನ್ನು ಖರ್ಚು ಮಾಡಿರುತ್ತಾರೆ. ಬೋರ್‌ವೆಲ್, ಮಗಳ ಫೀಸು, ಹಳೇ ಸಾಲ ಎಲ್ಲಕ್ಕೂ ಲೆಕ್ಕ ಹಾಕಿ ಆಗಿರುತ್ತದೆ.

ಆ ಆ್ಯಪ್ ಒಂದು ಬಣ್ಣದ ಬೋರ್ಡು, ಅಷ್ಟೆ. ಅದರಲ್ಲಿ ಬಿಟ್‌ಕಾಯಿನ್ ರೇಟು ಸರಿಯಾಗೇ ಕಾಣಿಸುತ್ತದೆ, ಏಕೆಂದರೆ ಆ ರೇಟು ಎಲ್ಲರಿಗೂ ಪುಕ್ಕಟೆ ಸಿಗುವ ಮಾಹಿತಿ. ‘ಟಿವಿಯಲ್ಲಿ ಹೇಳಿದ ರೇಟೇ ಇದರಲ್ಲೂ ಇತ್ತು ಸರ್, ಅದಕ್ಕೇ ನಂಬಿದೆ’ ಅಂತ ಎಷ್ಟು ಜನ ಹೇಳಿದ್ದಾರೋ. ರೇಟು ನಿಜ. ಅದರ ಪಕ್ಕದಲ್ಲಿ ನಿಮ್ಮ ಹೆಸರಿಗೆ ಬರೆದಿರುವ ಮೊತ್ತ ಮಾತ್ರ ಸುಳ್ಳು. ಅದನ್ನು 11 ಲಕ್ಷ ಮಾಡಲೂ ಒಂದು ಕೈ ಸಾಕು, 50 ಲಕ್ಷ ಮಾಡಲೂ ಸಾಕು. ನೀವು ಯುಪಿಐನಲ್ಲಿ ಕಳಿಸಿದ 1,80,000 ಕ್ರಿಪ್ಟೊ ಆಗಲೇ ಇಲ್ಲ. ಅದು ಯಾರ್‍ಯಾರದೋ ಬ್ಯಾಂಕ್ ಖಾತೆಗೆ ಹೋಯಿತು, ಅಲ್ಲಿಂದ ಮುಂದಕ್ಕೆ ಹೋಯಿತು.

ಈಗ ತೆರಿಗೆ ವಿಷಯ. ಇದು ಪೂರ್ತಿ ಸುಳ್ಳಾಗಿದ್ದರೆ ನೀವೂ ನಂಬುತ್ತಿರಲಿಲ್ಲ. ಅರ್ಧ ನಿಜ ಇರುವುದರಿಂದಲೇ ಇದು ಕೆಲಸ ಮಾಡುತ್ತದೆ. ನಮ್ಮ ದೇಶದಲ್ಲಿ ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್ 1ರಿಂದ 30% ತೆರಿಗೆ ಇರುವುದು ನಿಜ. ಆ ವರ್ಷ ಜುಲೈ 1ರಿಂದ, ಮಾರುವಾಗ 1% ಟಿಡಿಎಸ್ ಹಿಡಿಯುವುದೂ ನಿಜ. ಆದರೆ ಆ 30% ನೀವು ನಿಮ್ಮ ಪ್ಯಾನ್ ನಂಬರಿನ ಮೇಲೆ ಆದಾಯ ತೆರಿಗೆ ಇಲಾಖೆಗೆ ನೇರವಾಗಿ ಕಟ್ಟುವ ಹಣ. ಅದನ್ನು ಯಾವ ಆ್ಯಪ್‌ನವನೂ ತನ್ನ ಖಾತೆಗೆ ಹಾಕಿಸಿಕೊಳ್ಳುವ ಹಾಗಿಲ್ಲ. ಟಿಡಿಎಸ್ ಅಂದರೆ ಬರುವ ಹಣದಲ್ಲಿ ಮುರಿದುಕೊಳ್ಳುವುದು.

ನೀವು ತಿಪಟೂರಿನವರು, ಮಂಡಿಯ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಕೊಬ್ಬರಿ ಹಾಕಿದ ಮೇಲೆ ತೂಕ, ಹಮಾಲಿ ಅಂತ ಹಿಡಿಯುವುದನ್ನು ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಒಬ್ಬ ದಲ್ಲಾಳಿ ‘ನಿಮ್ಮ ಕೊಬ್ಬರಿ ದುಡ್ಡು 11 ಲಕ್ಷ ನನ್ನ ಹತ್ರ ಇದೆ, ಆದರೆ ಅದರಲ್ಲಿ ಮುರಿಯೋಕೆ ಆಗಲ್ಲ, ಮೊದಲು ಮನೆಯಿಂದ ಎರಡೂಕಾಲು ಲಕ್ಷ ತನ್ನಿ’ ಅಂದರೆ ಏನು ಮಾಡುತ್ತೀರಿ? ಆ ಮಂಡಿ ಕಡೆ ಮತ್ತೆ ತಲೆ ಹಾಕಲ್ಲ, ಅಲ್ವಾ? ‘ಅದರಲ್ಲೇ ಮುರಿದುಕೊಂಡು ಉಳಿದದ್ದು ಕೊಡಿ’ ಅಂತ ಒಮ್ಮೆ ಹೇಳಿ ನೋಡಿದವರಿಗೆಲ್ಲ ಒಂದೇ ಥರದ ಉತ್ತರ ಬಂದಿದೆ: ಸಿಸ್ಟಂ ಬಿಡಲ್ಲ, ಖಾತೆ ಲಾಕ್ ಆಗಿದೆ, ನಿಯಮ. ತೆರಿಗೆ ಕಟ್ಟಿದವರಿಗೆ ಆಮೇಲೆ ‘ಭದ್ರತಾ ಠೇವಣಿ’ ಅಂತಾರೆ. ಅದೂ ಕಟ್ಟಿದರೆ ‘ಅಕ್ರಮ ಹಣ ಪರಿಶೀಲನೆ ಶುಲ್ಕ’. ಒಬ್ಬರು ಏಳು ಸಲ ಕಟ್ಟಿ ನನ್ನ ಹತ್ತಿರ ಬಂದಿದ್ದರು. ಎಂಟನೆಯದನ್ನೂ ಕಟ್ಟುವವರಿದ್ದರು, ಸಾಲ ಕೊಡುವವರು ಸಿಗಲಿಲ್ಲ ಅಂತ ನಿಂತರು.

ನೀವು ಕೇಳದೇ ಇರುವ ಒಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಆ 2,500. ಲಾಭ ಅಂತ ನಿಮ್ಮ ಖಾತೆಗೆ ಬಂತಲ್ಲ, ಅದು. ಅದನ್ನು ಕೊಟ್ಟದ್ದು ನಂಬಿಕೆ ಹುಟ್ಟಿಸಲು, ಗಾಳಕ್ಕೆ ಸಿಕ್ಕಿಸುವ ಎರೆಹುಳ ಇದ್ದ ಹಾಗೆ. ಅದು ನಿಮಗೂ ಈಗ ಗೊತ್ತಾಗಿರುತ್ತದೆ. ಆದರೆ ಆ ಹುಳ ಎಲ್ಲಿಂದ ಬಂತು? ಹೆಚ್ಚಿನ ಸಲ ಅದು ನಿಮ್ಮ ಹಾಗೆಯೇ ಮೋಸ ಹೋದ ಇನ್ನೊಬ್ಬರ ದುಡ್ಡು. ಕೊಲ್ಲಾಪುರದಲ್ಲೋ ಕೊಯಮತ್ತೂರಿನಲ್ಲೋ ಒಬ್ಬರು ಹಾಕಿದ್ದನ್ನು ಬಾಡಿಗೆ ಖಾತೆಯಿಂದ ನಿಮಗೆ ಕಳಿಸಿರುತ್ತಾರೆ. ನಾಳೆ ಅವರು ದೂರು ಕೊಟ್ಟರೆ, ಹಣದ ಜಾಡು ಹಿಡಿದು ಬಂದ ಪೊಲೀಸರು ನಿಮ್ಮ ಖಾತೆಗೂ ತಡೆ ಹಾಕಿಸಬಹುದು. ಅಂಗಡಿಯ ವ್ಯವಹಾರವೆಲ್ಲ ಅದೇ ಖಾತೆಯಲ್ಲಿ ಇದ್ದರೆ ಸರಕು ತರುವುದಕ್ಕೂ ಕಷ್ಟವಾಗುತ್ತದೆ. ತಮ್ಮನ ಮಾತು ಕೇಳಿ ಸುಮ್ನೆ ಕೂರುವುದರಲ್ಲಿ ಇರುವ ಅಪಾಯ ಇದು. ನೀವೇ ಮೊದಲು ದೂರು ಕೊಟ್ಟು, ಈ 2,500 ಬಂದ ವಿಷಯವನ್ನೂ ಅದರಲ್ಲಿ ಬರೆದಿದ್ದರೆ, ನಾಳೆ ಬೇರೆ ಜಿಲ್ಲೆಯಿಂದ ನೋಟಿಸು ಬಂದಾಗ ತೋರಿಸಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಬಾಡಿಗೆ ಖಾತೆ ಅಂದೆ. ಇದು ನಮ್ಮ ಊರುಗಳಲ್ಲೂ ನಡೆಯುತ್ತಿದೆ. ಕಾಲೇಜು ಹುಡುಗರಿಗೆ, ಕೂಲಿಯವರಿಗೆ ಒಂದಿಷ್ಟು ದುಡ್ಡು ಕೊಟ್ಟು ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ತೆಗೆದುಕೊಂಡು ಹೋಗುತ್ತಾರೆ. ಪೊಲೀಸರು ಮೊದಲು ಹಿಡಿಯುವುದು ಆ ಹುಡುಗನನ್ನೇ. ನೀವು ಹಣ ಕಳಿಸಿದಾಗ ಪ್ರತಿ ಸಲ ಬೇರೆ ಖಾತೆ ಕೊಟ್ಟದ್ದು ಇದಕ್ಕೇ. ನಿಜವಾದ ಕಂಪನಿಗೆ ಖಾತೆ ಬದಲಾಯಿಸುವ ಅವಸರ ಇರುವುದಿಲ್ಲ.

ವಿಡಿಯೊ ವಿಷಯಕ್ಕೆ ಬರೋಣ. ನೀವು ಯಾರ ವಿಡಿಯೊ ನೋಡಿದಿರಿ ಅಂತ ಬರೆದಿಲ್ಲ, ಯಾರಾದರೂ ಲೆಕ್ಕ ಒಂದೇ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ ಹೆಸರು, ಮುಖ, ದನಿ ಬಳಸಿ ಇಂಥ ಟ್ರೇಡಿಂಗ್ ಆ್ಯಪ್‌ಗಳ ನಕಲಿ ಸುದ್ದಿ, ವಿಡಿಯೊ ಮಾಡಿದ್ದರು. ಅವುಗಳಿಗೂ ತಮಗೂ ಸಂಬಂಧವಿಲ್ಲ ಎಂದು ಅವರೇ 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕವಾಗಿ ಹೇಳಬೇಕಾಯಿತು. ಕೇಂದ್ರ ಹಣಕಾಸು ಸಚಿವರ ಮುಖ ಅಂಟಿಸಿದ ವಿಡಿಯೊಗಳೂ ಓಡಾಡಿವೆ. ಈಗ ಯಾರದೇ ಒಂದಿಷ್ಟು ಭಾಷಣ ಸಿಕ್ಕರೆ ಸಾಕು, ಅವರು ಆಡದ ಮಾತನ್ನು ಅವರ ಬಾಯಲ್ಲೇ ಆಡಿಸಬಹುದು.

‘ತುಟಿ ನೋಡಿ, ಕಣ್ಣು ರೆಪ್ಪೆ ನೋಡಿ, ನಕಲಿ ಗೊತ್ತಾಗುತ್ತೆ’ ಅಂತ ಕೆಲವರು ಹೇಳಿಕೊಡುತ್ತಾರೆ. ನನಗೆ ಆ ಸಲಹೆ ಇಷ್ಟವಿಲ್ಲ. ಹೋದ ವರ್ಷದ ನಕಲಿಗೆ ಅದು ಸರಿ, ಈ ವರ್ಷದ್ದಕ್ಕೆ ಸಾಲದು. ಅಲ್ಲದೆ ಮುಖ ಅಸಲಿ ಇದ್ದರೂ ಮೋಸ ನಡೆದಿದೆ. 2020ರ ಜುಲೈ 15ರಂದು ಟ್ವಿಟರ್‌ನಲ್ಲಿ ಬರಾಕ್ ಒಬಾಮ, ಜೋ ಬೈಡನ್, ಬಿಲ್ ಗೇಟ್ಸ್, ಇಲಾನ್ ಮಸ್ಕ್ ಇವರ ನಿಜವಾದ ಖಾತೆಗಳಿಂದಲೇ ‘ಬಿಟ್‌ಕಾಯಿನ್ ಕಳಿಸಿ, ದುಪ್ಪಟ್ಟು ವಾಪಸ್ ಕೊಡುತ್ತೇನೆ’ ಎಂಬ ಸಂದೇಶ ಹೋಯಿತು. ಖಾತೆ ನಿಜ, ನೀಲಿ ಟಿಕ್ ನಿಜ, ಒಳಗೆ ಕೂತವರು ಕಳ್ಳರು. ಕೆಲವೇ ಗಂಟೆಗಳಲ್ಲಿ ಜನ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಕಳಿಸಿಬಿಟ್ಟರು. ಈಗ ಆ ನೀಲಿ ಟಿಕ್ ತಿಂಗಳ ಚಂದಾ ಕಟ್ಟಿದರೆ ಸಿಗುತ್ತದೆ. ಹಾಗಾಗಿ ನನ್ನ ಹತ್ತಿರ ಬಂದವರಿಗೆ ನಾನು ಹೇಳುವುದು ಇಷ್ಟೇ: ಮುಖ ಬಿಡಿ, ದುಡ್ಡು ಹೋಗುವ ದಾರಿ ನೋಡಿ. ಯಾರ ಹೆಸರಿನ ಖಾತೆಗೆ ಹೋಗುತ್ತಿದೆ? ವಾಪಸ್ ಬೇಕಾದರೆ ಯಾರ ಅನುಮತಿ ಬೇಕು? ಆ ಅನುಮತಿಗೆ ಮತ್ತೆ ದುಡ್ಡು ಕೇಳುತ್ತಾರಾ? ವಿಡಿಯೊ ಎಷ್ಟೇ ಚೆನ್ನಾಗಿ ಮಾಡಿದ್ದರೂ ಈ ದಾರಿಯನ್ನು ಬಚ್ಚಿಡುವುದು ಅವರಿಗೆ ಕಷ್ಟ.

ಗುಂಪಿನ 130 ಜನ ಯಾರು? ನಿಮ್ಮಂಥವರು ಹತ್ತೋ ಇಪ್ಪತ್ತೋ ಇರಬಹುದು. ಉಳಿದವರು ಒಂದೇ ಕೋಣೆಯಲ್ಲಿ ಕೂತು ಹಲವು ನಂಬರಿನಿಂದ ಬರೆಯುವವರು. ‘ಇವತ್ತು 40,000 ಬಂತು, ಥ್ಯಾಂಕ್ಯೂ ಸರ್’ ಅಂತ ಸ್ಕ್ರೀನ್‌ಶಾಟ್ ಹಾಕುವುದೂ ಅವರೇ, ಅದಕ್ಕೆ ಕೈ ಮುಗಿಯುವ ಚಿತ್ರ ಹಾಕುವುದೂ ಅವರೇ. ಊರಿನ ಚೀಟಿ ವ್ಯವಹಾರದಲ್ಲಿ ಯಜಮಾನಿ ಕೈ ಎತ್ತಿದರೆ ಹೋಗಿ ಕೂರಲು ಅವಳ ಮನೆ ಜಗುಲಿಯಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಮ್ಯಾನ್ಮಾರ್, ಕಾಂಬೋಡಿಯ, ಲಾವೋಸ್‌ಗಳಲ್ಲಿ ಈ ಕೆಲಸಕ್ಕೇ ಬೇಲಿ ಹಾಕಿದ ಕಟ್ಟಡಗಳಿವೆ. ಕೆಲಸ ಕೊಡಿಸುತ್ತೇವೆ ಎಂದು ಕರೆದುಕೊಂಡು ಹೋಗಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಬಡಿದು ಈ ಚಾಟ್ ಮಾಡಿಸುತ್ತಾರೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಕೊಂಡಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಹೇಳಿತ್ತು. ಭಾರತದ ಹುಡುಗರೂ ಅಲ್ಲಿಂದ ಬಿಡಿಸಿಕೊಂಡು ಬಂದಿದ್ದಾರೆ. ನಿಮಗೆ ದಿನಾ ಬೆಳಿಗ್ಗೆ ‘ಊಟ ಆಯ್ತಾ ಅಣ್ಣ’ ಎಂದು ಕೇಳಿದವನು ಸ್ವತಃ ಕೈದಿಯಾಗಿರಬಹುದು. ಅವನ ಮೇಲೆ ಕನಿಕರ ಬರಲಿ, ಆದರೆ ಉತ್ತರ ಕೊಡಬೇಡಿ.

‘ದುರಾಸೆಗೆ ಬಿದ್ದ’ ಅಂತ ಊರಲ್ಲಿ ಹೇಳುವವರು ಇರುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ನೀವು ಹತ್ತು ಸಾವಿರ ಹಾಕಿ, ಬಂದ ಮೇಲೆ ತಾನೇ ಮುಂದೆ ಹೋದದ್ದು? ವ್ಯಾಪಾರಿ ಹಾಗೇ ಮಾಡುತ್ತಾನೆ. ಹೊಸ ಗಿರಾಕಿಗೆ ಮೊದಲು ಸ್ವಲ್ಪ ಸಾಲ ಕೊಟ್ಟು ನೋಡಿದ ಹಾಗೆ. ಅವರು ನಿಮ್ಮ ಆ ಒಳ್ಳೆಯ ಅಭ್ಯಾಸವನ್ನೇ ಹಿಡಿದುಕೊಂಡರು. ನಾನೂ ಒಮ್ಮೆ ಒಂದು ಕೊರಿಯರ್‌ನ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ, ನಕಲಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಐದು ರೂಪಾಯಿ ಕಟ್ಟಲು ಲಿಂಕ್ ತೆರೆದವನೇ. ಹೆಂಡತಿ ಪಕ್ಕದಲ್ಲಿದ್ದು ಗದರಿಸಿದ್ದಕ್ಕೆ ಉಳಿದೆ. ಈ ಕೆಲಸದಲ್ಲಿ ಹದಿನಾಲ್ಕು ವರ್ಷ ಇದ್ದವನ ಕಥೆ ಇದು.

ಈಗ ತಮ್ಮನ ಭಯ. ಕ್ರಿಪ್ಟೊ ನಮ್ಮಲ್ಲಿ ನಿಷೇಧ ಆಗಿಲ್ಲ. ಬ್ಯಾಂಕುಗಳು ಅದರ ವ್ಯವಹಾರಕ್ಕೆ ಸೇವೆ ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸುತ್ತೋಲೆ ಹೊರಡಿಸಿತ್ತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಅದನ್ನು ರದ್ದು ಮಾಡಿತು. ಆಮೇಲೆ ತೆರಿಗೆ ಬಂತು. 2023ರ ಮಾರ್ಚ್‌ನಿಂದ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು, ಅಂದರೆ ಅದನ್ನು ಕೊಂಡು ಮಾರುವ ತಾಣಗಳು, ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿ ಬಂದಿವೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಆಗಬೇಕು. ಹಾಗಂತ ಅದು ರೂಪಾಯಿಯಂಥ ದುಡ್ಡೂ ಅಲ್ಲ. ಬ್ಯಾಂಕಿನ ಠೇವಣಿಗೆ ಇರುವ ವಿಮೆ ಅದಕ್ಕಿಲ್ಲ. ಒಟ್ಟಿನಲ್ಲಿ ಕೊಂಡದ್ದಕ್ಕೆ ನಿಮ್ಮನ್ನು ಯಾರೂ ಒಳಗೆ ಹಾಕುವುದಿಲ್ಲ, ನೀವು ಮೋಸ ಹೋದವರು. ಬೇರೆಯವರ ವೇಷದಲ್ಲಿ ಕಂಪ್ಯೂಟರ್ ಬಳಸಿ ವಂಚಿಸುವುದು ಐಟಿ ಕಾಯ್ದೆಯ 66ಡಿ ಪ್ರಕಾರ ಅಪರಾಧ, ಅದನ್ನು ಮಾಡಿದವರು ಅವರು.

ಒಂದು ಕಡೆ ಮಾತ್ರ ನೀವು ಎಚ್ಚರವಾಗಿರಬೇಕು. ಭಾವನನ್ನು ಸೇರಿಸಿದ್ದಕ್ಕೆ ನಿಮಗೆ ಕಮಿಷನ್ ಬಂದಿದ್ದರೆ, ಆ್ಯಪ್‌ನಲ್ಲಿ ಬರೀ ಅಂಕಿಯಾಗಿ ಬಂದಿದ್ದರೂ, ದೂರಿನಲ್ಲಿ ಮುಚ್ಚಿಡಬೇಡಿ. ಜನರ ಕೈಯಲ್ಲಿ ಜನರನ್ನು ಸೇರಿಸಿ ಬೆಳೆದ ಮೋಸಗಳು ನಮ್ಮಲ್ಲಿ ದೊಡ್ಡವೇ ಆಗಿವೆ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ತಿಂಗಳಿಗೆ 10%ದಂತೆ 18 ತಿಂಗಳು ಕೊಡುತ್ತೇವೆ ಎಂದಿತ್ತು. ಅದರ ಮುಖ್ಯ ಆರೋಪಿ 2018ರಲ್ಲಿ ಬಂಧನವಾದ. ಅಂಥ ಯೋಜನೆಗಳಲ್ಲಿ ಊರೂರಿನಲ್ಲಿ ಜನ ಸೇರಿಸಿದವರೂ ಉತ್ತರ ಕೊಡಬೇಕಾಗುತ್ತದೆ. ನೀವು ಸಂಬಂಧಿಕರೊಬ್ಬರಿಗೆ ಹೇಳಿದ್ದು ಆ ಮಟ್ಟದ್ದಲ್ಲ. ಆದರೂ ನೀವೇ ಮೊದಲು ಹೇಳಿದ್ದರೆ ಅದು ಮುಗಿದು ಹೋಗುತ್ತದೆ. ಬೇರೆಯವರಿಂದ ತಿಳಿದರೆ ಪ್ರಶ್ನೆಗಳು ಬೆಳೆಯುತ್ತವೆ.

ಈಗ ಆ ‘ಸೈಬರ್ ಅಧಿಕಾರಿ’. ನೀವು ಇನ್ನೂ ದೂರೇ ಕೊಟ್ಟಿಲ್ಲ, ಅಲ್ವಾ? ಹಾಗಿದ್ದರೆ ನಿಮ್ಮ ಹಣ ಹೋದದ್ದು ಅವನಿಗೆ ಹೇಗೆ ಗೊತ್ತಾಯಿತು? ಗೊತ್ತಿರುವುದು ನಿಮಗೆ, ನಿಮ್ಮ ತಮ್ಮನಿಗೆ ಮತ್ತು ಕದ್ದವರಿಗೆ. ಅವನು ಅದೇ ತಂಡದವನು, ಇಲ್ಲವೇ ಅವರಿಂದ ನಿಮ್ಮ ನಂಬರು ಕೊಂಡವನು. ಒಮ್ಮೆ ಮೋಸ ಹೋದವರ ಪಟ್ಟಿಗೆ ಈ ಸಂತೆಯಲ್ಲಿ ಒಳ್ಳೆ ಬೆಲೆ ಇದೆ. ಕಳೆದುಕೊಂಡದ್ದನ್ನು ಹೇಗಾದರೂ ಪಡೆಯಬೇಕು ಎನ್ನುವ ಸಂಕಟದಲ್ಲಿ ಇರುವವರು ಎರಡನೇ ಸಲ ಬೇಗ ಬೀಳುತ್ತಾರೆ ಅಂತ ಅವರಿಗೆ ಗೊತ್ತು. ನನ್ನ ಅನುಭವದಲ್ಲಿ ಮೊದಲ ಮೋಸಕ್ಕಿಂತ ಈ ಎರಡನೆಯದು ಮನುಷ್ಯನನ್ನು ಜಾಸ್ತಿ ಮುರಿಯುತ್ತದೆ. ಮೊದಲನೆಯದನ್ನು ಹೇಗೋ ಮನೆಯಲ್ಲಿ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ಹೇಳಿಕೊಳ್ಳಲು ಮುಖ ಇರುವುದಿಲ್ಲ.

ಪೊಲೀಸರು ತನಿಖೆಗೆ ಶುಲ್ಕ ಕೇಳುವುದಿಲ್ಲ. ಹಣ ಬಿಡುಗಡೆಗೆ ಯುಪಿಐ ಮಾಡಿಸಿಕೊಳ್ಳುವುದಿಲ್ಲ. ‘ಹ್ಯಾಕ್ ಮಾಡಿ ವಾಪಸ್ ತರ್ತೀನಿ’ ಎನ್ನುವವರದ್ದೂ ಇದೇ ಜಾತಿ. ಬ್ಲಾಕ್‌ಚೈನ್‌ನಲ್ಲಿ, ಅಂದರೆ ಕ್ರಿಪ್ಟೊ ವರ್ಗಾವಣೆಗಳ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ, ಒಮ್ಮೆ ದಾಖಲಾದ ವರ್ಗಾವಣೆಯನ್ನು ಯಾವ ಹ್ಯಾಕರ್‌ಗೂ ಅಳಿಸಿ ಹಿಂದಕ್ಕೆ ತರಲು ಬರುವುದಿಲ್ಲ. ನೀವು ಈ ಬಗ್ಗೆ ಎಲ್ಲಾದರೂ ನಾಲ್ಕು ಸಾಲು ಬರೆದುಕೊಂಡರೆ ಸಾಕು, ಕೆಳಗೆ ‘ಇವರು ನನ್ನ ಹಣ ಕೊಡಿಸಿದರು, ದೇವರಂಥವರು’ ಎಂದು ಹತ್ತು ಜನ ಬರುತ್ತಾರೆ. ಆ ದೇವರೂ ಭಕ್ತರೂ ಒಬ್ಬರೇ.

12 ಪದಗಳ ವಿಷಯ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಇನ್ನೂ ನಿಮ್ಮ 38,000 ಇದೆ. ಆ ಪದಗಳೇ ವಾಲೆಟ್‌ನ ಬೀಗದ ಕೈ. ಪಾಸ್‌ವರ್ಡ್ ಹಾಗೆ ಬದಲಾಯಿಸಲು ಬರುವುದಿಲ್ಲ. ಪದಗಳು ಗೊತ್ತಿರುವವನು ಎಲ್ಲಿಂದ ಬೇಕಾದರೂ ತೆಗೆಯಬಹುದು. ‘ಸಿಂಕ್’, ‘ವೆರಿಫೈ’ ಎಂದು ಅವನ್ನು ಕೇಳುವ ಯಾವ ಅಸಲಿ ಕಸ್ಟಮರ್ ಕೇರ್ ಪ್ರಪಂಚದಲ್ಲಿ ಇಲ್ಲ. ನೀವು ವಾಲೆಟ್ ಮಾಡಿದ್ದು ಅವರ ಲಿಂಕ್‌ನಿಂದಲಾ? ಮಾಡುವಾಗ ಸ್ಕ್ರೀನ್ ಹಂಚಿಕೊಂಡಿದ್ದಿರಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಆ ಪದಗಳು ಅವರಿಗೆ ಆಗಲೇ ಗೊತ್ತಿರಬಹುದು ಎಂದುಕೊಳ್ಳಿ. ಇವತ್ತೇ ಆ ಯುಎಸ್‌ಡಿಟಿಯನ್ನು ನೀವು ಕೊಂಡ ಎಕ್ಸ್‌ಚೇಂಜ್‌ನಲ್ಲಿರುವ ನಿಮ್ಮದೇ ಖಾತೆಗೆ ವಾಪಸ್ ಕಳಿಸಿ. ನಿಮ್ಮದು ಟಿ ಅಕ್ಷರದಿಂದ ಶುರುವಾಗುವ ವಿಳಾಸವಾದರೆ ಅದು ಟ್ರಾನ್ ಜಾಲ. ಕಳಿಸಲು ಟಿಆರ್‌ಎಕ್ಸ್ ಎಂಬ ಆ ಜಾಲದ ನಾಣ್ಯ ಸ್ವಲ್ಪ ಶುಲ್ಕಕ್ಕೆ ಬೇಕಾಗುತ್ತದೆ, ಅದನ್ನೂ ಎಕ್ಸ್‌ಚೇಂಜ್‌ನಲ್ಲೇ ಕೊಳ್ಳಿ. ಕಳಿಸುವ ಕಡೆ, ಸೇರುವ ಕಡೆ ಜಾಲ ಒಂದೇ ಇದೆಯಾ ನೋಡಿ, ವಿಳಾಸದ ಮೊದಲು, ನಡು, ಕೊನೆ ಮೂರೂ ಕಡೆ ಹೋಲಿಸಿ. ಮೊದಲು ಹತ್ತು ಡಾಲರ್‌ನಷ್ಟು ಕಳಿಸಿ, ಅದು ತಲುಪಿದ ಮೇಲೆ ಉಳಿದದ್ದು. ಹಳೆಯ ವರ್ಗಾವಣೆ ಪಟ್ಟಿಯಿಂದ ವಿಳಾಸ ಕಾಪಿ ಮಾಡಬೇಡಿ. ನೋಡಲು ನಿಮ್ಮದರಂತೆಯೇ ಇರುವ ವಿಳಾಸದಿಂದ ಪುಡಿಗಾಸು ಕಳಿಸಿ, ಆ ಪಟ್ಟಿಯೊಳಗೆ ತಮ್ಮ ವಿಳಾಸ ನುಗ್ಗಿಸುವ ಕಳ್ಳರೂ ಇದ್ದಾರೆ.

ಅಲ್ಲಿ ಮಾರಿ ರೂಪಾಯಿ ಮಾಡಿಕೊಂಡರೆ 1% ಟಿಡಿಎಸ್ ಮುರಿದು ಉಳಿದದ್ದು ನಿಮ್ಮ ಬ್ಯಾಂಕಿಗೆ ಬರುತ್ತದೆ. ತೆರಿಗೆ ಹಿಡಿಯುವುದು ಹೇಗೆ ಅಂತ ಆಗ ನೀವೇ ನೋಡುತ್ತೀರಿ. ‘ಒಳ್ಳೆ ರೇಟು ಕೊಡ್ತೀನಿ’ ಎನ್ನುವ ಟೆಲಿಗ್ರಾಂ ವ್ಯಕ್ತಿಗೆ ಮಾತ್ರ ಮಾರಬೇಡಿ. ಅವನು ಕಳಿಸುವ ರೂಪಾಯಿ ಯಾರದೋ ಕದ್ದ ದುಡ್ಡಾಗಿದ್ದರೆ ಖಾತೆಗೆ ತಡೆ ಬೀಳುವುದು ನಿಮಗೆ.

ದೂರಿಗೆ ಬರೋಣ. 1930 ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ. ಅದರ ಜೊತೆಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ತಾಣದಲ್ಲೂ ದೂರು ಹಾಕಿ. ಹೆಸರನ್ನು ನೀವೇ ಟೈಪ್ ಮಾಡಿ, ಹುಡುಕಿ ಸಿಕ್ಕ ಲಿಂಕ್ ಒತ್ತಬೇಡಿ. ಹಣ ಹೋದ ಮೊದಲ ಗಂಟೆಗಳಲ್ಲಿ ದೂರು ಬಿದ್ದರೆ ಅದು ಇನ್ನೂ ಯಾವುದಾದರೂ ಖಾತೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ನಿಮ್ಮದು ತಡವಾಗಿದೆ, ಆದರೂ ಕೊಡಿ. ಆ ಬಾಡಿಗೆ ಖಾತೆಗೆ ಬೇರೆಯವರ ದೂರಿನಿಂದ ಆಗಲೇ ತಡೆ ಬಿದ್ದಿದ್ದು, ಒಳಗೆ ಒಂದಿಷ್ಟು ಉಳಿದಿರುವುದು ಉಂಟು. ದೂರಿನ ನಂಬರು ಸಿಕ್ಕ ಮೇಲೆ ಸೈಬರ್ ಅಪರಾಧ ನೋಡುವ ತುಮಕೂರಿನ ಸಿಇಎನ್ ಠಾಣೆಗೆ ಹೋಗಿ ಎಫ್‌ಐಆರ್ ಕೇಳಿ. ಅಷ್ಟು ದೂರ ಆಗದಿದ್ದರೆ ನಿಮ್ಮ ಊರಿನ ಠಾಣೆಯಲ್ಲೂ ಕೊಡಬಹುದು.

ಹೋಗುವಾಗ ಅಳು, ಸಿಟ್ಟು ಎರಡನ್ನೂ ಸ್ವಲ್ಪ ಮನೆಯಲ್ಲಿಟ್ಟು, ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಹೋಗಿ. ಅಂಗಡಿಯ ಕಿರ್ದಿ ಬರೆಯುವ ಹಾಗೆ: ದಿನ, ಹೊತ್ತು, ಮೊತ್ತ, ಯಾವ ಖಾತೆಗೆ, ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರು. ಯುಎಸ್‌ಡಿಟಿ ಕಳಿಸಿದ್ದಕ್ಕೆ ಅವರ ವಿಳಾಸ ಮತ್ತು ಪ್ರತಿ ವರ್ಗಾವಣೆಯ ಹ್ಯಾಶ್, ಅಂದರೆ 64 ಅಕ್ಷರ-ಅಂಕಿಗಳ ಉದ್ದ ಸಾಲು. ಅದನ್ನು ಕೈಯಲ್ಲಿ ಬರೆಯಬೇಡಿ, ಒಂದಕ್ಷರ ತಪ್ಪಿದರೂ ಕೆಲಸಕ್ಕೆ ಬಾರದು, ಪ್ರಿಂಟ್ ಹಾಕಿಸಿ. ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬರುವ ಮೊದಲು ಚಾಟನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಆ್ಯಪ್‌ನ ಪ್ರತಿ ಪುಟದ ಸ್ಕ್ರೀನ್‌ಶಾಟ್ ಇರಲಿ. ಈ ಒಂದು ಹಾಳೆ ಸರಿಯಾಗಿದ್ದರೆ ಠಾಣೆಯಲ್ಲಿ ನಿಮ್ಮ ಮಾತಿಗೆ ಬರುವ ತೂಕವೇ ಬೇರೆ. ದಿನಕ್ಕೆ ಎಷ್ಟೋ ದೂರು ನೋಡುವ ಸಿಬ್ಬಂದಿಗೆ ‘ಎಲ್ಲಾ ಹೋಯ್ತು ಸರ್’ ಎಂಬ ಮಾತಿನಿಂದ ಒಂದು ಖಾತೆಯೂ ಸಿಗುವುದಿಲ್ಲ.

ಆಮೇಲೆ ಫೋನ್. ಅವರ ಲಿಂಕ್‌ನಿಂದ ಹಾಕಿಕೊಂಡ ಆ್ಯಪ್ ನಿಮ್ಮ ಎಸ್‌ಎಂಎಸ್ ಓದುತ್ತಿರಬಹುದು. ಇನ್ನೊಂದು ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್, ಯುಪಿಐ ಪಿನ್, ಇಮೇಲ್ ಪಾಸ್‌ವರ್ಡ್ ಬದಲಾಯಿಸಿ. 38,000 ಸಾಗಿಸಿ, ಸಾಕ್ಷ್ಯ ತೆಗೆದುಕೊಂಡ ಮೇಲೆ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸಿಕೊಳ್ಳಿ. ಪೊಲೀಸರು ಫೋನ್ ನೋಡಬೇಕು ಅಂದರೆ ಅದಾದ ಮೇಲೆ ಮಾಡಿ.

ಹಣ ಎಷ್ಟು ವಾಪಸ್ ಬರುತ್ತದೆ? ಸುಳ್ಳು ಧೈರ್ಯ ಹೇಳುವುದಿಲ್ಲ. ಯುಪಿಐನಲ್ಲಿ ಹೋದ 1,80,000ದಲ್ಲಿ ತಡೆಹಿಡಿದ ಹಣ ಏನಾದರೂ ಇದ್ದರೆ ನ್ಯಾಯಾಲಯದ ಆದೇಶದ ಮೂಲಕ ಬರಬಹುದು. ಅದಕ್ಕೆ ತಿಂಗಳುಗಳು ಬೇಕು. ಆ ಅರ್ಜಿಗೆ ವಕೀಲರ ಸಹಾಯ ಉಪಯೋಗಕ್ಕೆ ಬರುತ್ತದೆ. ಎಷ್ಟು ಹಣ ತಡೆಯಲ್ಲಿದೆ ಎಂದು ಠಾಣೆಯಲ್ಲಿ ತಿಳಿದುಕೊಂಡ ಮೇಲೆ ಮಾತ್ರ ಫೀಸು ಮಾತಾಡಿ. ತಡೆಯಲ್ಲಿ ಎಂಟು ಸಾವಿರ ಇದ್ದು ಫೀಸು ಹದಿನೈದು ಸಾವಿರ ಆದರೆ ಏನು ಸುಖ? ಯುಎಸ್‌ಡಿಟಿಯ 1,60,000 ಇನ್ನೂ ಕಷ್ಟ. ಅದು ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೋಯಿತು ಎಂದು, ಟ್ರಾನ್ ಜಾಲದ್ದಾದರೆ, ಟ್ರಾನ್‌ಸ್ಕ್ಯಾನ್ ಎಂಬ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ನೀವೂ ನೋಡಬಹುದು. ಆದರೆ ವಿಳಾಸದ ಹಿಂದೆ ಯಾರಿದ್ದಾರೆ ಅಂತ ಅಲ್ಲಿ ಬರೆದಿರುವುದಿಲ್ಲ. ಹಣ ಯಾವುದಾದರೂ ದೊಡ್ಡ ಎಕ್ಸ್‌ಚೇಂಜ್ ಮುಟ್ಟಿದ್ದರೆ ಪೊಲೀಸರು ಅಲ್ಲಿಗೆ ಬರೆದು ಹೆಸರು ಕೇಳಬಹುದು. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಗೆ ಒಂದು ವಿಳಾಸದ ಹಣವನ್ನು ತಡೆಹಿಡಿಯಲು ಬರುತ್ತದೆ, ತನಿಖಾ ಸಂಸ್ಥೆಗಳು ಕೇಳಿದಾಗ ಹಾಗೆ ಮಾಡಿದ್ದೂ ಇದೆ. ನೀವೋ ನಾನೋ ಕೇಳಿದರೆ ಆಗುವ ಕೆಲಸವಲ್ಲ. ಜಾಡು ಹಿಡಿಯುವ ಅಸಲಿ ಖಾಸಗಿ ಕಂಪನಿಗಳೂ ಇವೆ, ಅವರು ಕೊಡುವುದು ವರದಿ, ಹಣವಲ್ಲ. ನಿಮ್ಮ ಮೊತ್ತಕ್ಕೆ ಆ ಖರ್ಚು ಬೇಡ.

ಕೆಲವರು ‘ಅವರ ಜೊತೆ ಮಾತು ಮುಂದುವರಿಸಿ ನಾನೇ ಹಿಡಿಸ್ತೀನಿ’ ಅಂತಾರೆ. ಬೇಡ. ನಿಮ್ಮ ಆಧಾರ್, ಪ್ಯಾನ್, ಸೆಲ್ಫಿ ಅವರ ಹತ್ತಿರ ಇರಬಹುದು. ಅನುಮಾನ ಬಂದರೆ ಚಾಟ್ ಅಳಿಸುತ್ತಾರೆ, ಇಲ್ಲವೇ ‘ನಿಮ್ಮ ಮೇಲೆ ಕೇಸು’ ಎಂದು ಹೆದರಿಸುತ್ತಾರೆ. ಪೊಲೀಸ್ ವೇಷದಲ್ಲಿ ವಿಡಿಯೊ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎನ್ನಲೂಬಹುದು. ಹಾಗೆ ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮಲ್ಲಿ ಇಲ್ಲ. ಕಾಲ್ ಕತ್ತರಿಸಿ.

ಮುಂದೆ ಕ್ರಿಪ್ಟೊ ಮುಟ್ಟಲೇಬಾರದಾ ಅಂತ ನೀವು ಕೇಳಿಲ್ಲ, ಆದರೆ ಎಲ್ಲರೂ ಕೇಳುತ್ತಾರೆ. ಅದು ನಿಮ್ಮಿಷ್ಟ. ನೋಂದಣಿ ಆದ ಎಕ್ಸ್‌ಚೇಂಜ್ ಆದರೂ ಬ್ಯಾಂಕ್ ಲಾಕರ್ ಅಂದುಕೊಳ್ಳಬೇಡಿ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ನಷ್ಟು ಕಳವಾಗಿ, ಗ್ರಾಹಕರು ತಿಂಗಳುಗಟ್ಟಲೆ ತಮ್ಮದೇ ಹಣ ತೆಗೆಯಲಾಗದೆ ಕಾದರು.

ಭಾವನ ವಿಷಯ. ಇದನ್ನು ನಾಳೆಗೆ ಇಡಬೇಡಿ. ನೀವು ದುಡ್ಡು ಕಟ್ಟುವುದಿಲ್ಲ ಅಂತ ಗೊತ್ತಾದ ಕೂಡಲೇ ಅವರು ನಿಮ್ಮನ್ನು ಗುಂಪಿನಿಂದ ತೆಗೆದು ಭಾವನಿಗೆ ಬರೆಯುತ್ತಾರೆ. ‘ನಿಮ್ಮವರು ತೆರಿಗೆ ತಪ್ಪಿಸುತ್ತಿದ್ದಾರೆ, ನಿಮ್ಮ ಹಣವೂ ಮುಳುಗುತ್ತೆ, ನೀವು ಬೇಗ ಕಟ್ಟಿ’ ಎಂದು. ಆಗ ಭಾವ ನಿಮ್ಮ ಮಾತು ನಂಬುವುದಾ, ಗುಂಪಿನ ಮಾತಾ? ಫೋನಿನಲ್ಲಿ ಹೇಳಬೇಡಿ. ಅಕ್ಕನೂ ಇರುವ ಹೊತ್ತು ನೋಡಿಕೊಂಡು ಮನೆಗೆ ಹೋಗಿ. ಕ್ಷಮೆ ಕೇಳುವುದಕ್ಕೆ ಮುಂಚೆ, ನಿಮ್ಮ ದೂರಿನ ನಂಬರು ಬರೆದ ಚೀಟಿ ತೋರಿಸಿ, ಅವರ ಫೋನಿನಿಂದ ಅವರ ಹೆಸರಿನಲ್ಲೇ 1930ಕ್ಕೆ ಇನ್ನೊಂದು ದೂರು ಹಾಕಿಸಿ. ಅವರ 60,000 ಯಾವ ಖಾತೆಗೆ ಹೋಗಿದೆ ಎಂದು ನಿಮ್ಮ ಹಾಳೆಯ ಜೊತೆ ಹೋಲಿಸಿ ನೋಡಿ. ಅದೇ ಖಾತೆ ಎರಡರಲ್ಲೂ ಇದ್ದರೆ ಆ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಠಾಣೆಗೆ ಕೊಡಿ.